ಒಂದೇ ತೋಟದ ಕಾಫಿ, ಮೂರು ಹದದ ಹುರಿತ

ಪ್ರಶ್ನೆ: ಚಿಕ್ಕಮಗಳೂರಿನ ಒಂದೇ ತೋಟದ ಅರೇಬಿಕಾ ಕಾಫಿಯನ್ನು ಲೈಟ್, ಮೀಡಿಯಂ ಮತ್ತು ಡಾರ್ಕ್ ರೋಸ್ಟ್‌ಗಳಲ್ಲಿ ತರಿಸಿ, ಮನೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಕುಡಿದು ನೋಡಿದೆವು. ಲೈಟ್ ರೋಸ್ಟ್ ಹುಳಿ ಎನಿಸಿತು, ಡಾರ್ಕ್ ರೋಸ್ಟ್ ಕಹಿ ಎನಿಸಿತು. ಇವುಗಳಲ್ಲಿ ತೋಟದ ನಿಜವಾದ ರುಚಿ ಯಾವುದು? ಆಂಧ್ರಪ್ರದೇಶದ ಅರಕು ಕಾಫಿಯೊಡನೆ ಇದನ್ನು ಹೋಲಿಸಿ ನೋಡುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ತೋಟದ ಗುಣ ಮೂರರಲ್ಲೂ ಇದೆ, ಆದರೆ ಹುರಿತ ಮುಂದುವರಿದಷ್ಟೂ ಆ ಗುಣ ಹಿಂದೆ ಸರಿದು, ಹುರಿತದ್ದೇ ರುಚಿ ಮೇಲಾಗುತ್ತದೆ. ಕಾಫಿ ಬೀಜ ಸುಮಾರು 196 ಡಿಗ್ರಿ ಸೆಲ್ಸಿಯಸ್‌ನ ಹೊತ್ತಿಗೆ ಮೊದಲ ಬಾರಿ ಚಟಚಟನೆ ಸಿಡಿಯುತ್ತದೆ. ಆ ಸಿಡಿತ ಮುಗಿಯುವ ಹೊತ್ತಿಗೆ ಇಳಿಸಿದರೆ ಲೈಟ್ ರೋಸ್ಟ್; ಎರಡನೆಯ ಸಿಡಿತಕ್ಕೆ ಮುನ್ನ ಇಳಿಸಿದರೆ ಮೀಡಿಯಂ; ಸುಮಾರು 224 ಡಿಗ್ರಿಯ ಆಸುಪಾಸಿನಲ್ಲಿ ಶುರುವಾಗುವ ಎರಡನೆಯ ಸಿಡಿತದೊಳಕ್ಕೆ ಹೋದರೆ ಡಾರ್ಕ್. ಹಣ್ಣಿನ ನೆನಪು ತರುವ ಹುಳಿಗೆ ಕಾರಣವಾದ ಆಮ್ಲಗಳು ಬಿಸಿಗೆ ಒಡೆಯುತ್ತ ಹೋಗುತ್ತವೆ, ಬೀಜದಲ್ಲಿದ್ದ ಕ್ಲೋರೋಜೆನಿಕ್ ಆಮ್ಲಗಳು ಕಹಿ ಕೊಡುವ ಬೇರೆ ವಸ್ತುಗಳಾಗಿ ಮಾರ್ಪಡುತ್ತವೆ, ಕೊನೆಗೆ ಬೀಜದ ಎಣ್ಣೆಯೇ ಮೇಲಕ್ಕೆ ಬಂದು ಹೊಳೆಯುತ್ತದೆ. ಬೇರೆ ಬೇರೆ ಸೀಮೆಗಳ ಕಾಫಿಗಳು ಡಾರ್ಕ್ ರೋಸ್ಟ್‌ನಲ್ಲಿ ಒಂದನ್ನೊಂದು ಹೋಲುವುದು ಇದರಿಂದಲೇ. ಆದ್ದರಿಂದ ತೋಟವನ್ನು ಅರಿಯಬೇಕೆನ್ನುವವರು ಲೈಟ್‌ಗೂ ಮೀಡಿಯಂಗೂ ನಡುವಿನ ಹದವನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತೋಟದ ಹೆಸರಿಗೆಂದು ಹೆಚ್ಚಿನ ಬೆಲೆ ಕೊಟ್ಟು, ಆ ಹೆಸರಿನ ಗುರುತೇ ಅಳಿಯುವಷ್ಟು ಹುರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನು ನೀವು ಹಾಲು ಬೆರೆಸಿದ ವಿಷಯ. ಲೈಟ್ ರೋಸ್ಟ್‌ನ ನವಿರಾದ ಪರಿಮಳಗಳು ಹಾಲಿನಲ್ಲಿ ಮುಳುಗಿಹೋಗಿ ಹುಳಿಯೊಂದೇ ಎದ್ದು ಕಾಣುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಮೀಡಿಯಂ ಅಥವಾ ಅದಕ್ಕಿಂತ ತುಸು ಕಡುವಾದ ಹುರಿತ ಒಗ್ಗಿಬಂದಿರುವುದು ಸಕಾರಣವಾಗಿಯೇ. ಹೋಲಿಸಿ ನೋಡುವ ದಿನವಾದರೂ ಹಾಲು, ಸಕ್ಕರೆ ಎರಡನ್ನೂ ಪಕ್ಕಕ್ಕಿಡಿ.

ಒಂದೇ ಅಳತೆಯ ಮೂರು ಲೋಟಗಳನ್ನು ಸಾಲಾಗಿಟ್ಟು, ಒಂದೊಂದಕ್ಕೂ ತರಿತರಿಯಾಗಿ ಬೀಸಿದ ಪುಡಿಯನ್ನು ಸುಮಾರು 8 ಗ್ರಾಂನಂತೆ ತೂಗಿ ಹಾಕಿ. ಚಮಚದಲ್ಲಿ ಅಳೆಯಬೇಡಿ, ಹೆಚ್ಚು ಹುರಿದ ಬೀಜ ಉಬ್ಬಿ ಹಗುರವಾಗಿರುವುದರಿಂದ, ಚಮಚ ಒಂದೇ ಆದರೂ ಕಾಫಿ ಕಡಿಮೆ ಬೀಳುತ್ತದೆ. ಕುದಿ ಇಳಿದ, ಸುಮಾರು 93 ಡಿಗ್ರಿಯ ನೀರನ್ನು 150 ಮಿಲಿಲೀಟರಿನಂತೆ ಸುರಿದು 4 ನಿಮಿಷ ಬಿಡಿ. ಆಗ ಮೇಲೆ ಪುಡಿಯ ಕೆನೆಯೊಂದು ಕಟ್ಟಿರುತ್ತದೆ. ಮೂಗನ್ನು ಲೋಟದ ಅಂಚಿಗೆ ತಂದು, ಚಮಚದ ಬೆನ್ನಿನಿಂದ ಆ ಕೆನೆಯನ್ನು ಹಿಂದಕ್ಕೆ ತಳ್ಳಿ. ಆ ಕ್ಷಣ ನುಗ್ಗಿಬರುವ ಘಮ ಆಮೇಲೆ ಸಿಗುವುದಿಲ್ಲ. ನೊರೆ ತೆಗೆದು, ಬಾಯಿ ಸುಡದಷ್ಟು ಆರಿದ ಮೇಲೆ ಚಮಚದಿಂದ ಸೊರ್ರನೆ ಹೀರಿ. ಇಲ್ಲಿಗೆ ನಿಲ್ಲಿಸದೆ, ಉಗುರುಬೆಚ್ಚಗಾದಾಗ ಒಮ್ಮೆ, ಪೂರ್ತಿ ತಣಿದಾಗ ಮತ್ತೊಮ್ಮೆ ರುಚಿ ನೋಡಿ. ಬಿಸಿಯಲ್ಲಿ ಮೂರೂ ಒಂದೇ ಎನಿಸಿದ್ದರೂ ಆರುತ್ತ ಬಂದಂತೆ ಬೇರೆಯಾಗುತ್ತವೆ: ಚೆನ್ನಾಗಿ ಹುರಿದ ಲೈಟ್ ರೋಸ್ಟ್‌ನ ಹುಳಿಯ ಹಿಂದೆ ಸಿಹಿ ಬರುತ್ತದೆ. ಹುಳಿಯ ಜೊತೆಗೆ ಹಸಿ ಬಟಾಣಿಯ ವಾಸನೆ, ನಾಲಿಗೆ ಒಣಗಿಸುವ ಒಗರು ಇದ್ದರೆ ಅದು ತೋಟದ ಗುಣವಲ್ಲ, ಬೀಜದ ಒಳಭಾಗ ಬೇಯದೆ ಉಳಿದ ಹುರಿತದ ದೋಷ.

ನೀರಿನ ಬಗ್ಗೆ ಒಂದು ಮಾತು. ಗಡಸು ಬೋರ್‌ವೆಲ್ ನೀರು ಕಾಫಿಯ ಹುಳಿಯನ್ನು ಅಡಗಿಸಿಬಿಡುತ್ತದೆ. ಲವಣವೆಲ್ಲ ತೆಗೆದ ಆರ್‌ಒ ನೀರಿನಲ್ಲಿ ಕಾಫಿ ಸಪ್ಪೆ ಎನಿಸುತ್ತದೆ. ಯಾವುದೇ ಆಗಲಿ, ಎಲ್ಲ ಲೋಟಗಳಿಗೂ ಒಂದೇ ನೀರಿರಲಿ.

ಅರಕುವಿನೊಡನೆ ಹೋಲಿಸುವಾಗ ಪೊಟ್ಟಣದ ಮೇಲಿನ ಬರಹವನ್ನು ಮೊದಲು ಓದಿ. ಪಲ್ಪಿಂಗ್ ಮಾಡಿ (ಹಣ್ಣಿನ ಸಿಪ್ಪೆ ಬಿಡಿಸಿ) ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು, ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದ ಚೆರ್ರಿ ಕಾಫಿಯೊಡನೆ ಇಟ್ಟು ನೋಡಿದರೆ ನಿಮಗೆ ಕಾಣುವುದು ಸಂಸ್ಕರಣೆಯ ವ್ಯತ್ಯಾಸವೇ ಹೊರತು ನೆಲದ ವ್ಯತ್ಯಾಸವಲ್ಲ. ಒಬ್ಬರೇ ಹುರಿದದ್ದು, ಹುರಿದ ದಿನಾಂಕ ಹತ್ತಿರದ್ದು ಆದರೆ ಇನ್ನೂ ಒಳ್ಳೆಯದು. ಏಕೆಂದರೆ ಒಬ್ಬರು ಮೀಡಿಯಂ ಎನ್ನುವ ಹದ ಇನ್ನೊಬ್ಬರಿಗೆ ಡಾರ್ಕ್ ಆಗಿರಬಹುದು. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು ಮತ್ತು ಅರಕು ಕಣಿವೆಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಆಯಾ ಸೀಮೆಯದೇ ವಿಶಿಷ್ಟ ಬೆಳೆ ಎಂಬ ಮಾನ್ಯತೆ ಸಿಕ್ಕಿದೆ. ಬಾಬಾಬುಡನ್‌ಗಿರಿಯದರಲ್ಲಿ ಮೆದುವಾದ ಹುಳಿಯೊಂದಿಗೆ ಚಾಕೊಲೇಟಿನ ಛಾಯೆಯನ್ನೂ, ಅರಕುವಿನದರಲ್ಲಿ ನಿಂಬೆ ಜಾತಿಯ ಹಣ್ಣುಗಳ ಹುಳಿಯನ್ನೂ ಬೆಲ್ಲದಂಥ ಸಿಹಿಯನ್ನೂ ಗುರುತಿಸುವುದು ವಾಡಿಕೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕುಡಿಯಬೇಡಿ; ಮೊದಲು ನಿಮ್ಮ ನಾಲಿಗೆ ಹೇಳಿದ್ದನ್ನು ಬರೆದಿಟ್ಟು, ನಂತರ ತಾಳೆ ನೋಡಿ.

ಪ್ರಶ್ನೆ: ಒಂದೇ ತೋಟದ ಕಾಫಿಗೆ ಚಿಕೋರಿ ಬೆರೆಸಬಹುದೇ?
– ಓದುಗರು, ಹಾಸನ

ಉತ್ತರ: ಬೇಡ. ಹುರಿದ ಚಿಕೋರಿ ಬೇರು ಡಿಕಾಕ್ಷನ್‌ಗೆ ಬಣ್ಣ, ಮಂದ, ಸಿಹಿಗಹಿ ಕೊಟ್ಟು ಎಲ್ಲ ತೋಟಗಳನ್ನೂ ಒಂದೇ ಮಾಡುತ್ತದೆ. ಚಿಕೋರಿ ಇಷ್ಟಪಡುವವರು ಬೆರಕೆ ಪುಡಿಯನ್ನೇ ಕೊಳ್ಳಲಿ. ಅದರಲ್ಲೂ ಕನಿಷ್ಠ ಶೇ. 51ರಷ್ಟು ಕಾಫಿ ಇರಲೇಬೇಕೆಂಬ ನಿಯಮವಿದ್ದು, ಬೆರಕೆಯ ಪ್ರಮಾಣ ಪೊಟ್ಟಣದ ಮೇಲೆ ಇರುತ್ತದೆ.

ಪ್ರಶ್ನೆ: ನಮ್ಮ ಕೊಡಗಿನ ರೊಬಸ್ಟಾವನ್ನು ಹೀಗೆ ರುಚಿ ನೋಡುವುದು ವ್ಯರ್ಥವೇ? ಡಾರ್ಕ್ ರೋಸ್ಟ್ ಮಾಡಿದರೆ ಕೆಫೀನ್ ಹೆಚ್ಚುತ್ತದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಖಂಡಿತ ವ್ಯರ್ಥವಲ್ಲ. ಹಣ್ಣಾದದ್ದನ್ನೇ ಆರಿಸಿ ಕೊಯ್ದು, ತೊಳೆದು ಒಣಗಿಸಿದ ರೊಬಸ್ಟಾದಿಂದ ‘ಕಾಪಿ ರಾಯಲ್’ ಎಂಬ ವಿಶೇಷ ದರ್ಜೆಯನ್ನೇ ಸಿದ್ಧಪಡಿಸುತ್ತಾರೆ. ಆದರೆ ರೊಬಸ್ಟಾದಲ್ಲಿ ಹಣ್ಣಿನ ಹುಳಿ ಕಡಿಮೆ. ಲೈಟ್ ರೋಸ್ಟ್‌ನಲ್ಲಿ ಅದು ಹಸಿ ಧಾನ್ಯದ ವಾಸನೆ ಬೀರುತ್ತದೆ. ಮೀಡಿಯಂನಿಂದ ಒಂದು ಹೆಜ್ಜೆ ಮುಂದಕ್ಕೆ ಹುರಿಸಿ ನೋಡಿ, ಅದರ ಗಟ್ಟಿತನವೂ ಕೋಕೋ, ಕಡಲೆಬೀಜಗಳನ್ನು ನೆನಪಿಸುವ ರುಚಿಯೂ ಆಗ ಬರುತ್ತವೆ. ಕೆಫೀನ್ ಮಾತ್ರ ಹುರಿತದಿಂದ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ತಳಿ: ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ. ಆದ್ದರಿಂದ ರೊಬಸ್ಟಾದ ಹುರಿತಗಳನ್ನು ಹೋಲಿಸುವ ಕೆಲಸವನ್ನು ಬೆಳಗಿನ ಹೊತ್ತೇ ಇಟ್ಟುಕೊಳ್ಳಿ.