ಓದುಗರ ಪ್ರಶ್ನೆ: ತಾತನ ಟ್ರಂಕಿನ ಮೇಲಿನ ‘ಸೇಲೈಯೂರ್ ಹಾಲ್’

ಪ್ರಶ್ನೆ: ಕೌಲ್ ಬಜಾರಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ತಾತನವರ ತಗಡಿನ ಟ್ರಂಕು ಸಿಕ್ಕಿತು. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ‘ಸೇಲೈಯೂರ್ ಹಾಲ್, ತಾಂಬರಂ’ ಎಂದು ಬರೆದಿದೆ. ಒಳಗಿದ್ದ ಫೋಟೋದಲ್ಲಿ ಪಂಚೆ, ಕೋಟು ತೊಟ್ಟ ಹುಡುಗರು ಸಾಲಾಗಿ ನಿಂತಿದ್ದಾರೆ. ಹಿಂದೆ 1946 ಎಂದಿದೆ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ತಾತ ಕ್ರೈಸ್ತರ ಕಾಲೇಜಿಗೆ, ಅದೂ ಅಷ್ಟು ದೂರದ ಊರಿಗೆ ಹೋದದ್ದೇಕೆ? ಈ ‘ಹಾಲ್’ ಎಂದರೇನು?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ‘ಹಾಲ್’ ಎಂದೊಡನೆ ನಮಗೆ ಮದುವೆ ಮಂಟಪವೋ ಮನೆಯ ಪಡಸಾಲೆಯೋ ನೆನಪಾಗುತ್ತದೆ. ಮದ್ರಾಸಿನ ಹೊರವಲಯದ ತಾಂಬರಮ್ಮಿನಲ್ಲಿರುವ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ. ಅದು ವಿದ್ಯಾರ್ಥಿನಿಲಯವೇ ಹೌದು. ಆದರೆ ತನ್ನದೇ ಹೆಸರು, ಅಡುಗೆಮನೆ, ಚುನಾಯಿತ ಕಾರ್ಯದರ್ಶಿಗಳು ಮತ್ತು ಆಟದ ತಂಡ ಇರುವ, ಪ್ರಾಧ್ಯಾಪಕರೊಬ್ಬರು ವಾರ್ಡನ್ ಆಗಿ ಜೊತೆಗಿರುವ ಒಂದು ಮನೆತನದಂತಹ ವ್ಯವಸ್ಥೆ. ಹುಡುಗರಿಗಾಗಿ ಅಲ್ಲಿ ಮೂರು ಹಳೆಯ ಹಾಲ್‌ಗಳಿವೆ: ಸೇಲೈಯೂರ್ ಹಾಲ್, ಸಂತ ಥೋಮಸರ ಹಾಲ್ ಮತ್ತು ಬಿಷಪ್ ಹೀಬರ್ ಹಾಲ್.

ದೂರದ ಪ್ರಶ್ನೆಗೆ ಉತ್ತರ ಸರಳವಾಗಿದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿಯ ಬಹುಭಾಗ ಮದ್ರಾಸಿನ ಆಡಳಿತದಲ್ಲಿತ್ತು. ಕೋರ್ಟು, ವಿಶ್ವವಿದ್ಯಾಲಯ, ದೊಡ್ಡ ನೌಕರಿ ಎಲ್ಲಕ್ಕೂ ನಮ್ಮವರು ಮುಖ ಮಾಡುತ್ತಿದ್ದುದು ಅತ್ತ ಕಡೆಗೇ. ತುಂಗಭದ್ರೆಯ ಆಚೆ ದಡದ ಕೊಪ್ಪಳ, ರಾಯಚೂರಿನ ಹುಡುಗರು ಅದೇ ಕಾಲದಲ್ಲಿ ನಿಜಾಮರ ಹೈದರಾಬಾದಿಗೆ ಹೋಗಿ ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿ ಓದುತ್ತಿದ್ದರು. ಒಂದೇ ನದಿಯ ಎರಡು ದಡಗಳ ವಿದ್ಯಾವಂತರ ಮಾತಿನ ಧಾಟಿಯೇ ಬೇರೆಯಾದದ್ದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ನಿಮ್ಮ ತಾತನವರು ಮೀಟರ್ ಗೇಜ್ ಗಾಡಿಯಲ್ಲಿ ಗುಂತಕಲ್ಲಿಗೆ ಹೋಗಿ, ಅಲ್ಲಿ ಬ್ರಾಡ್ ಗೇಜ್ ಗಾಡಿಗೆ ಬದಲಾಯಿಸಿ ಮದ್ರಾಸು ಸೇರಿರಬೇಕು. ಟ್ರಂಕಿನ ಮೇಲೆ ಹೆಸರು, ವಿಳಾಸ ಬರೆಸಿದ್ದು ಆ ಗುಂತಕಲ್ಲಿನ ಗದ್ದಲಕ್ಕಾಗಿಯೇ ಇರಬಹುದು. ಆ ಹಾದಿ ಆಗಲೇ ಹಳತಾಗಿತ್ತು. ರಂಗಭೂಮಿಯ ಬಳ್ಳಾರಿ ರಾಘವ ಅವರೂ ಬಳ್ಳಾರಿಯಲ್ಲಿ ಶಾಲೆ ಮುಗಿಸಿ ಅದೇ ಕಾಲೇಜಿನಲ್ಲಿ ಓದಿದವರು.

ಆದರೆ ರಾಘವರು ಓದುವಾಗ ಕಾಲೇಜು ತಾಂಬರಮ್ಮಿನಲ್ಲಿರಲಿಲ್ಲ. 1837ರಲ್ಲಿ ಸ್ಕಾಟ್ಲೆಂಡಿನ ಜಾನ್ ಆಂಡರ್ಸನ್ ಮದ್ರಾಸಿನ ಜಾರ್ಜ್ ಟೌನಿನಲ್ಲಿ ಆರಂಭಿಸಿದ ಶಾಲೆಯೇ ಅದರ ಮೂಲ. 1862ರಲ್ಲಿ ಬಂದ ವಿಲಿಯಂ ಮಿಲ್ಲರ್ ಅದನ್ನು ಕಾಲೇಜಾಗಿ ಬೆಳೆಸಿದರು. ಪಾಠ ಮುಗಿದ ಮೇಲೆ ಹುಡುಗರು ಎಲ್ಲಿ, ಯಾರೊಡನೆ ಇರುತ್ತಾರೆ ಎಂಬುದೂ ಶಿಕ್ಷಣದ ಭಾಗವೆಂದು ತಿಳಿದು ಮಿಲ್ಲರ್ ನಿಲಯಗಳನ್ನು ಕಟ್ಟಿಸಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಅವರ ನಾಡಾದ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಆಗ ಹುಡುಗರು ಸಾಮಾನ್ಯವಾಗಿ ಊರೊಳಗೆ ಬಾಡಿಗೆ ಕೋಣೆ ಹಿಡಿದು ಓದುತ್ತಿದ್ದರು. ಒಂದೇ ಆವರಣದಲ್ಲಿ ಗುರು ಶಿಷ್ಯರು ಕೂಡಿ ಇರುವ ಪದ್ಧತಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳದ್ದು. ತಮ್ಮ ಊರಿನಲ್ಲಿ ಕಾಣದ್ದನ್ನು ಸ್ಕಾಟರು ಮದ್ರಾಸಿನಲ್ಲಿ ನೆಲೆಗೊಳಿಸಿದರು.

ಜಾರ್ಜ್ ಟೌನಿನ ಇಕ್ಕಟ್ಟು ಹೆಚ್ಚಿದಾಗ, ಕಾಲೇಜಿಗೆ ನೂರು ವರ್ಷ ತುಂಬಿದ 1937ರಲ್ಲಿ ಅದು ತಾಂಬರಮ್ಮಿಗೆ ಬಂತು. 1931ರಲ್ಲೇ ಮದ್ರಾಸಿನ ಬೀಚ್ ನಿಲ್ದಾಣದಿಂದ ತಾಂಬರಮ್ಮಿಗೆ ವಿದ್ಯುತ್ ರೈಲು ಓಡತೊಡಗಿದ್ದರಿಂದ ನಗರ ಬಿಟ್ಟು ಹೋಗುವುದು ಸುಲಭವಾಗಿತ್ತು. ಸುಮಾರು 365 ಎಕರೆಯ ಆ ಕುರುಚಲು ಕಾಡಿನ ನೆಲದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಎಡ್ವರ್ಡ್ ಬಾರ್ನ್ಸ್ ದಂಪತಿ ಗಿಡಮರಗಳನ್ನು ಬೆಳೆಸಿದರು. ನಿಮ್ಮ ಫೋಟೋದ ಹಿನ್ನೆಲೆಯಲ್ಲಿ ಎಳೆಯ ಮರಗಳಿದ್ದರೆ ಅವು ಅವರ ಕೈಯವೇ ಆಗಿರಬಹುದು.

ಮೂರು ಹೆಸರುಗಳಿಗೂ ಮೂರು ಬಗೆಯ ಹಿನ್ನೆಲೆಯಿದೆ. ಸೇಲೈಯೂರ್ ಪಕ್ಕದ ಊರಿನ ಹೆಸರು. ಸಂತ ಥೋಮಸರು ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬರು. ಮದ್ರಾಸಿನ ಬಳಿಯ ಬೆಟ್ಟದಲ್ಲಿ ಅವರು ಹುತಾತ್ಮರಾದರೆಂಬ ನಂಬಿಕೆ ಇದೆ, ಆ ಬೆಟ್ಟಕ್ಕೆ ಅವರದೇ ಹೆಸರಿದೆ. ಹೀಬರ್ ಹಾಲ್‌ನದು ತುಸು ದೊಡ್ಡ ಕಥೆ. ರೆಜಿನಾಲ್ಡ್ ಹೀಬರ್ ಕಲ್ಕತ್ತೆಯ ಬಿಷಪ್ಪರಾಗಿದ್ದು, ದಕ್ಷಿಣದ ಪ್ರವಾಸದಲ್ಲಿದ್ದಾಗ 1826ರ ಏಪ್ರಿಲ್ 3ರಂದು ತಿರುಚಿರಾಪಳ್ಳಿಯಲ್ಲಿ ಸ್ನಾನದ ಕೊಳದಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಆ ಊರಿನಲ್ಲಿದ್ದ ಕಾಲೇಜು 1930ರ ದಶಕದಲ್ಲಿ ಮುಚ್ಚಿ ಮದ್ರಾಸಿನ ಕಾಲೇಜಿನೊಡನೆ ಸೇರಿಹೋಯಿತು. ಹೆಸರು ಮಾತ್ರ ಹಾಲ್‌ನ ರೂಪದಲ್ಲಿ ಉಳಿಯಿತು. ತಿರುಚಿಯಲ್ಲಿ ಅದೇ ಹೆಸರಿನ ಕಾಲೇಜು 1966ರಲ್ಲಿ ಮತ್ತೆ ತೆರೆದದ್ದರಿಂದ ಈಗ ಎರಡೂ ಕಡೆ ಹೀಬರರಿದ್ದಾರೆ, ಹೊಸಬರು ಗೊಂದಲಕ್ಕೆ ಬೀಳುತ್ತಾರೆ.

ಇನ್ನು ಮಠದ ಮನೆತನದ ಪ್ರಶ್ನೆ. ಮಿಲ್ಲರ್ ಎಷ್ಟು ಜನ ಮತಾಂತರವಾದರು ಎಂಬ ಲೆಕ್ಕದಿಂದ ಕಾಲೇಜನ್ನು ಅಳೆದವರಲ್ಲ. ಕ್ರೈಸ್ತ ವಿಚಾರಗಳು ಸಮಾಜದಲ್ಲಿ ಹರಡಿದರೆ ಸಾಕೆಂಬುದು ಅವರ ನಿಲುವಾಗಿತ್ತು, ಅದಕ್ಕಾಗಿ ಸ್ವದೇಶದ ಮಿಷನರಿಗಳಿಂದ ಟೀಕೆಯನ್ನೂ ಕೇಳಿದರು. ಬೈಬಲ್ ಪಾಠವಿತ್ತು, ನಿಜ. ಆದರೆ ಅಲ್ಲೇ ಓದಿದ ರಾಧಾಕೃಷ್ಣನ್ ಹಿಂದೂ ಧರ್ಮದ ಬಗ್ಗೆ ಕ್ರೈಸ್ತ ಅಧ್ಯಾಪಕರು ಎತ್ತಿದ ಆಕ್ಷೇಪಗಳಿಗೆ ಉತ್ತರ ಹುಡುಕುತ್ತಲೇ ವೇದಾಂತದ ನೀತಿವಿಚಾರದ ಮೇಲೆ ಪ್ರಬಂಧ ಬರೆದರು. ಅದನ್ನು ಮೆಚ್ಚಿದವರೂ ಅದೇ ಕಾಲೇಜಿನ ಅಧ್ಯಾಪಕ ಆಲ್ಫ್ರೆಡ್ ಹಾಗ್. ನಿಮ್ಮ ತಾತನವರು ಟ್ರಂಕಿನೊಡನೆ ಲಿಂಗವನ್ನೂ ಭಸ್ಮವನ್ನೂ ಒಯ್ದಿದ್ದರೆ ಅಚ್ಚರಿಯಿಲ್ಲ.

ನನ್ನ ದೃಷ್ಟಿಯಲ್ಲಿ ಹಾಲ್‌ನ ನಿಜವಾದ ಸಂಪ್ರದಾಯ ಪ್ರಾರ್ಥನೆಗಿಂತ ಹೆಚ್ಚಾಗಿ ಅಡುಗೆಮನೆಯಲ್ಲಿದೆ. ಮೆಸ್ಸಿನ ಉಸ್ತುವಾರಿ, ಖರ್ಚಿನ ಲೆಕ್ಕ, ತಿಂಗಳ ಕೊನೆಗೆ ತಲೆಗೆ ಎಷ್ಟು ಬಿತ್ತೆಂಬ ಜಗಳ, ಎಲ್ಲವೂ ಹುಡುಗರದ್ದೇ. ನಮ್ಮ ಕಡೆಯ ಮಠಗಳ ಪ್ರಸಾದ ನಿಲಯಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಪ್ರಸಾದ ನಿಲಯದಲ್ಲಿ ಅನ್ನ ದಾಸೋಹವಾಗಿ ಬರುತ್ತದೆ, ಹುಡುಗ ಅದಕ್ಕೆ ಕೈಮುಗಿಯುತ್ತಾನೆ. ಹಾಲ್‌ನಲ್ಲಿ ಅನ್ನ ಬಿಲ್ಲಾಗಿ ಬರುತ್ತದೆ, ಹುಡುಗ ಅದನ್ನು ಪ್ರಶ್ನಿಸುತ್ತಾನೆ. ಬಡವರ ಮಕ್ಕಳಿಗೆ ಮೊದಲನೆಯದು ಮಾಡಿರುವ ಉಪಕಾರವನ್ನು ಎರಡನೆಯದು ಮಾಡಲಾರದು ಎಂಬುದನ್ನೂ ಹೇಳಿಬಿಡುತ್ತೇನೆ.

ವರ್ಷಕ್ಕೊಮ್ಮೆ ಬರುವ ಹಾಲ್ ಡೇ ಆ ಮನೆಯ ಜಾತ್ರೆ. ಉಳಿದ ದಿನ ಹೊರಗಿನವರಿಗೆ ಬಾಗಿಲಿಲ್ಲದ ಹುಡುಗರ ನಿಲಯಕ್ಕೆ ಅಂದು ಅತಿಥಿಗಳು, ಕಾಲೇಜಿನ ಹುಡುಗಿಯರೂ ಸೇರಿದಂತೆ, ಬರುತ್ತಾರೆ. ಹಾಲ್‌ಗಳ ನಡುವಿನ ಪಂದ್ಯಗಳ ಹಟವಂತೂ ಓದು ಮುಗಿದು ದಶಕಗಳಾದರೂ ಆರುವುದಿಲ್ಲ. ಫೋಟೋದ ಹಿಂದೆ ಗುರುತು ಸಿಕ್ಕವರ ಹೆಸರುಗಳನ್ನು ಮೆದು ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ.

ಪ್ರಶ್ನೆ: ನನ್ನ ಮಗ ಇಂತಹುದೇ ಹಳೆಯ ನಿಲಯವೊಂದಕ್ಕೆ ಸೇರಲಿದ್ದಾನೆ. ಹೊಸಬರನ್ನು ಕಾಡಿಸುವುದು ಅಲ್ಲಿನ ಸಂಪ್ರದಾಯವೆಂದು ಹಿರಿಯ ವಿದ್ಯಾರ್ಥಿಯೊಬ್ಬ ನಗುತ್ತ ಹೇಳಿದ. ಸುಮ್ಮನಿರಬೇಕೆ?
— ತಾಯಿಯೊಬ್ಬರು, ಕೊಪ್ಪಳ

ಉತ್ತರ: ಸುಮ್ಮನಿರಬೇಡಿ ತಾಯಿ. ಹಾಡಿಸಿ ಹೆಸರು ಕೇಳುವ ಸ್ವಾಗತ ಬೇರೆ, ಕಾಡಿಸುವುದು ಬೇರೆ. 1996ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕೊಲೆಯಾದ ಮೇಲೆ ತಮಿಳುನಾಡು 1997ರಲ್ಲಿ ರ‍್ಯಾಗಿಂಗ್ ನಿಷೇಧ ಕಾನೂನು ತಂದಿತು. 2009ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳು ಇಡೀ ದೇಶಕ್ಕೆ ಅನ್ವಯಿಸುತ್ತವೆ. ಪ್ರವೇಶದ ವೇಳೆ ವಿದ್ಯಾರ್ಥಿಯೂ ಪೋಷಕರೂ ಕೊಡಬೇಕಾದ ಮುಚ್ಚಳಿಕೆಯನ್ನು ಓದಿಯೇ ಸಹಿ ಮಾಡಿ, ವಾರ್ಡನ್ ಅವರ ಫೋನ್ ನಂಬರನ್ನು ಅಂದೇ ಕೇಳಿ ಪಡೆಯಿರಿ, 1800-180-5522 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಮಗನ ಮೊಬೈಲಿನಲ್ಲಿ ನೀವೇ ಉಳಿಸಿ ಕಳುಹಿಸಿ.