ಶಾಲೆ ಬ್ಯಾಂಡಿಗೆ ಡಿಜೆ ಸಂಗೀತ ಒಗ್ಗುತ್ತದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಪಿಇ ಟೀಚರ್. ಬ್ಯಾಂಡ್ ನೋಡಿಕೊಳ್ಳುವುದೂ ನನ್ನದೇ ಕೆಲಸ. ಸೈಡ್ ಡ್ರಮ್, ಟೆನರ್, ಎರಡು ದೊಡ್ಡ ಡ್ರಮ್, ಸಿಂಬಲ್, ಟ್ರಂಪೆಟ್, ಯುಫೋನಿಯಂ ಎಲ್ಲ ಇವೆ. ಈ ಸಲ ಸ್ಪರ್ಧೆಗೆ ಇಡಿಎಂ, ಅಂದರೆ ಡಿಜೆಗಳು ಹಾಕುವ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತದ ಧಾಟಿಯಲ್ಲೇ ನುಡಿಸುತ್ತೇವೆ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಹೆಡ್‌ಮಾಸ್ತರು ಮಾತ್ರ "ಗಣಪತಿ ಮೆರವಣಿಗೆ ಡಿಜೆ ನಮ್ಮ ಗ್ರೌಂಡಿಗೆ ಬ್ಯಾಡ್ರಿ" ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಇದು ಕವಾಯತಿಗೆ ಒಗ್ಗುವ ಸಂಗೀತವೇ?

ಉತ್ತರ: ಒಗ್ಗುತ್ತದೆ ಮೇಡಂ, ಚೆನ್ನಾಗಿಯೇ ಒಗ್ಗುತ್ತದೆ. ಒಂದೇ ಷರತ್ತು, ನುಡಿಸುವುದು ಮಕ್ಕಳ ಕೈ ಬಾಯಿ ಆಗಿರಬೇಕು, ಸ್ಪೀಕರ್ ಪೆಟ್ಟಿಗೆ ಆಗಿರಬಾರದು. ಹೆಡ್‌ಮಾಸ್ತರಿಗೂ ಇದನ್ನೇ ಹೇಳಿ. ಅವರಿಗೆ ಬೇಜಾರು ತಂದಿರುವುದು ಲಾರಿ ಮೇಲೆ ಪೇರಿಸಿದ ಬಾಕ್ಸುಗಳ ಸದ್ದು. ಕಿಟಕಿ ಗಾಜು ನಡುಗಿಸುವ ಆ ಸದ್ದು ನನಗೂ ಬೇಡ. ಆದರೆ ಅದರ ಸಿಟ್ಟನ್ನು ಸಂಗೀತದ ಮೇಲೆ ತೀರಿಸಿಕೊಂಡರೆ ಮಕ್ಕಳಿಗೆ ಅನ್ಯಾಯ ಆಗುತ್ತದೆ.

ಲೆಕ್ಕ ನೋಡಿ. ನಮ್ಮ ಕವಾಯತಿನ 'ತೇಜ್ ಚಲ್', ಅಂದರೆ ಬಿರುಸು ನಡಿಗೆ, ನಿಮಿಷಕ್ಕೆ 120 ಹೆಜ್ಜೆ. ಇಡಿಎಂನ ಒಂದು ಬಗೆಯಾದ ಹೌಸ್ ಮ್ಯೂಸಿಕ್ ನಿಮಿಷಕ್ಕೆ ಸುಮಾರು 120ರಿಂದ 130 ಬೀಟ್, ಅದರಲ್ಲೂ 128 ಬಹಳ ಬಳಕೆಯ ವೇಗ. ಪ್ರತಿ ಬೀಟಿಗೂ ಒಂದು ಕಿಕ್, ಅಂದರೆ ದೊಡ್ಡ ಡ್ರಮ್ಮಿನಂಥ 'ಧಮ್' ಪೆಟ್ಟು. ನಿಮ್ಮ ದೊಡ್ಡ ಡ್ರಮ್ಮಿನ ಹುಡುಗ ಎಡಗಾಲಿಗೆ, ಬಲಗಾಲಿಗೆ ಹೊಡೆಯುವುದೂ ಅದೇ ತಾನೇ? ಈ ಸಂಗೀತ 8, 16, 32 ಬೀಟಿನ ತುಂಡುಗಳಲ್ಲಿ ಸಾಗುತ್ತದೆ, ಡ್ರಿಲ್ಲನ್ನೂ ನಾವು ಎಂಟೆಂಟು ಎಣಿಕೆಯಲ್ಲೇ ಕಟ್ಟುತ್ತೇವೆ. ಡ್ರಮ್ ಆಂಡ್ ಬಾಸ್ ಥರದ 170 ದಾಟುವ ಸಂಗೀತ ಆರಿಸಿದರೂ ಚಿಂತೆಯಿಲ್ಲ, ಎರಡು ಬೀಟಿಗೆ ಒಂದು ಹೆಜ್ಜೆ ಹಾಕಿದರಾಯಿತು.

ಹೊರಗೆ ಇದು ಹೊಸದೇನೂ ಅಲ್ಲ. ಅಮೆರಿಕದಲ್ಲಿ ಡ್ರಮ್ ಕೋರ್ ಸ್ಪರ್ಧೆ ನಡೆಸುವ ಡಿಸಿಐ ಸಂಸ್ಥೆಯ ಚಾಂಪಿಯನ್‌ಶಿಪ್ 1972ರಿಂದ ಇದೆ. ಹಿತ್ತಾಳೆ ವಾದ್ಯ, ಡ್ರಮ್, ಬಾವುಟದ ತಂಡ, ಇಷ್ಟೇ ಅಲ್ಲಿನ ಬಂಡವಾಳ. ಅಲ್ಲಿ 2004ರಲ್ಲಿ ಮೈಕ್ ಬಂತು, 2009ರಲ್ಲಿ ಎಲೆಕ್ಟ್ರಾನಿಕ್ ಸದ್ದು ಹುಟ್ಟಿಸುವ ಸಿಂಥಸೈಜರ್ (ಸಿಂಥ್) ಬಂತು. ಹಳಬರು ದೊಡ್ಡ ತಕರಾರನ್ನೇ ಎತ್ತಿದರು. ಈಗ ಹಿತ್ತಾಳೆ ವಾದ್ಯಗಳ ಕೆಳಗೆ ಸಿಂಥ್ ಬಾಸ್ ಇರುವುದು ಅಲ್ಲಿ ಮಾಮೂಲು.

ಎಲ್ಲಿ ಕೆಡುತ್ತದೆ ಅಂದರೆ, ಒಂದು, ಅದೇ ಅದೇ ಬೀಟ್. ಕುಣಿಯುವವನಿಗೆ ಒಂದೇ ಕಿಕ್ ಆರು ನಿಮಿಷ ಬಂದರೂ ಖುಷಿ. ಕುರ್ಚಿ ಮೇಲೆ ಕೂತು ಅಂಕ ಹಾಕುವವರಿಗೆ ಅರ್ಧ ನಿಮಿಷಕ್ಕೇ ಸಾಕಾಗುತ್ತದೆ. ಹಾಗಾಗಿ ರಾಗ ಬದಲಾಗದ ಕಡೆ ಸಾಲು ಬದಲಾಗಬೇಕು. ಟ್ರಂಪೆಟ್ ಎಂಟು ಸಲ ಅದೇ ನಾಲ್ಕು ಸ್ವರ ನುಡಿಸುತ್ತಿದ್ದರೆ ಆ ಹೊತ್ತಿಗೆ ನೇರ ಸಾಲು ಒಡೆದು ಓರೆ ಆಗಲಿ, ಓರೆ ಸಾಲು ಸುತ್ತಾಗಲಿ. ಕಣ್ಣಿಗೆ ಕೆಲಸ ಕೊಟ್ಟರೆ ಕಿವಿ ತಾಳ್ಮೆ ತಂದುಕೊಳ್ಳುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು, ಯಾರೂ ಮೊದಲೇ ಯೋಚಿಸುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 40 ಮೀಟರ್ ದೂರಕ್ಕೆ 0.12 ಸೆಕೆಂಡ್ ಬೇಕು. 128ರ ವೇಗದಲ್ಲಿ ಒಂದು ಬೀಟ್ ಅಂದರೆ 0.47 ಸೆಕೆಂಡ್, ಅಂದರೆ ಕಾಲು ಬೀಟ್ ದಾರಿಯಲ್ಲೇ ಹೋಯಿತು. ನೀವು ಸ್ಪೀಕರನ್ನೋ ದೊಡ್ಡ ಡ್ರಮ್ಮನ್ನೋ ಮುಂದೆ ಇಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. 40 ಮೀಟರ್ ಹಿಂದೆ ಇರುವ ಹುಡುಗಿ ಅದನ್ನು ಕೇಳಿ ನುಡಿಸುತ್ತಾಳೆ, ಕಾಲು ಬೀಟ್ ತಡ. ಅವಳ ಟ್ರಂಪೆಟ್ ಸದ್ದು ಮುಂದೆ ಬರುವಾಗ ಇನ್ನೂ ಕಾಲು ಬೀಟ್. ತೀರ್ಪುಗಾರರ ಕಿವಿಗೆ ಅರ್ಧ ಬೀಟ್ ಹಿಂದೆ! ಹಳೆಯ ಮಾರ್ಚ್ ರಾಗದಲ್ಲಿ ಇದು ಸ್ವಲ್ಪ ಮುಚ್ಚಿಹೋಗಬಹುದು. ಇಡಿಎಂನಲ್ಲಿ ಎರಡು ಬೀಟಿನ ನಡುವಿನ ಖಾಲಿ ಜಾಗವೇ ಜೀವಾಳ, ಅಲ್ಲಿ ಕದಡಿದರೆ ಎಲ್ಲ ಕಲಸುಮೇಲೋಗರ.

ಇದಕ್ಕೆ ಪಳಗಿದ ತಂಡಗಳು ಮಾಡುವ ಉಪಾಯ ಸರಳ. ಬೀಟ್ ಹಿಂದಿನಿಂದ ಬರಬೇಕು. ಡ್ರಮ್ಮಿನವರು ಹಿಂದೆ, ಅವರು ಮುಂದೆ ನಿಂತು ತಾಳ ತೋರಿಸುವ ಬ್ಯಾಂಡ್ ಮೇಜರ್ ಕೈ ನೋಡುತ್ತಾರೆ. ಉಳಿದವರು ಬೆನ್ನ ಹಿಂದಿನ ಸದ್ದು ಕೇಳಿ ನುಡಿಸುತ್ತಾರೆ. ಆಗ ಎಲ್ಲ ಸದ್ದೂ ಒಟ್ಟಿಗೆ ಮುಂದೆ ಸಾಗುತ್ತದೆ.

ಇಲ್ಲೇ ನನಗೆ ನಮ್ಮೂರಿನ ಒಂದು ವಾದ್ಯ ನೆನಪಾಗುವುದು. ಜಗ್ಗಲಗಿ! ಹೋಳಿ ಹುಣ್ಣಿಮೆಗೆ ಹುಬ್ಬಳ್ಳಿ ಓಣಿ ಓಣಿಯಲ್ಲಿ ಕೇಳಿದ್ದೀರಲ್ವಾ? ಚಕ್ಕಡಿ ಗಾಲಿಯಷ್ಟು ದೊಡ್ಡ ಬಳೆ, ಒಂದು ಮಗ್ಗಲಿಗೆ ಎಮ್ಮೆ ಚರ್ಮ. ಉರುಳಿಸಿಕೊಂಡು ಬಂದು, ನಿಲ್ಲಿಸಿ ಬಾರಿಸುತ್ತಾರೆ. ಇಡಿಎಂಗೆ ಬೇಕಾದ ತಳದ ಬಾಸ್ 40–60 ಹರ್ಟ್ಸಿನದು. ಬಯಲಲ್ಲಿ ಅದನ್ನು ಹುಟ್ಟಿಸಲು ದೊಡ್ಡ ದೊಡ್ಡ ಸಬ್‌ವೂಫರ್ ಬೇಕು, ಶಾಲೆಯ ಸ್ಪೀಕರಿನಿಂದ ಆಗದ ಕೆಲಸ. ಜಗ್ಗಲಗಿ ಅದೇ ಬಾಸ್ ಕೊಡುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ಎದೆಗೆ ಬಂದು ತಾಗುವ ಸದ್ದು ಅದಕ್ಕಿದೆ. ಮೂರು ಜಗ್ಗಲಗಿ ಗ್ರೌಂಡಿನ ಹಿಂದಿನ ಗೆರೆಗೆ ನಿಲ್ಲಿಸಿ. ಹೊತ್ತು ನಡೆಯುವ ತ್ರಾಸಿಲ್ಲ, ಕಿಕ್ ಸಿಕ್ಕಿತು, ಬೀಟ್ ಹಿಂದಿನಿಂದಲೂ ಬಂತು. ಜಗ್ಗಲಗಿ ಮೇಳದಲ್ಲಿ ಮುಂದಾಳು ಕಣಿ ಹಲಗಿ ಎಂಬ ಚರ್ಮವಾದ್ಯ ಬಾರಿಸಿ ಎಲ್ಲರನ್ನೂ ನಡೆಸುತ್ತಾನೆ, ಆ ಪದ್ಧತಿಯನ್ನೂ ಹಾಗೇ ತೆಗೆದುಕೊಳ್ಳಬಹುದು. ಮಳೆಗಾಲದಲ್ಲಿ ಚರ್ಮ ತಂಪು ಹಿಡಿದು ಸಡಿಲ ಆಗುತ್ತದೆ, ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಹದ ಮಾಡಿಕೊಳ್ಳಬೇಕು. ಕಲಿಸಲು ಓಣಿಯ ಹಿರಿಯರನ್ನೇ ಕರೆಯಿರಿ, ನಾಲ್ಕು ದಿನ ಬಂದು ನಿಂತರೆ ಮಕ್ಕಳ ಕೈ ತಾನಾಗಿ ತಿರುಗುತ್ತದೆ. ಹೆಡ್‌ಮಾಸ್ತರು ಆಮೇಲೂ ಬೇಡ ಅನ್ನಲಿಕ್ಕಿಲ್ಲ ಅಂತ ನನಗೆ ನಂಬಿಕೆ ಇದೆ.

ಸ್ಪರ್ಧೆಯ ನಿಯಮದ ಹಾಳೆ ಮಾತ್ರ ಮೊದಲೇ ಓದಿ. ಗಣರಾಜ್ಯೋತ್ಸವದ ಹೊತ್ತಿಗೆ ನಡೆಯುವ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಬ್ರಾಸ್ ಬ್ಯಾಂಡ್, ಪೈಪ್ ಬ್ಯಾಂಡ್ ಅಂತ ಎರಡು ಬಗೆ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ಬೇರೆ ವಾದ್ಯ ತರಬಹುದಾ ಅಂತ ಸಂಘಟಕರ ಹತ್ತಿರ ಬರವಣಿಗೆಯಲ್ಲೇ ಕೇಳಿಕೊಳ್ಳಿ. ಬೇಡ ಅಂದರೆ ಜಗ್ಗಲಗಿಯನ್ನು ರಾಜ್ಯೋತ್ಸವಕ್ಕೆ ಇಟ್ಟುಕೊಂಡು, ಸ್ಪರ್ಧೆಗೆ ಎರಡು ದೊಡ್ಡ ಡ್ರಮ್ಮನ್ನೇ ಹಿಂದೆ ನಿಲ್ಲಿಸಿ.

ಪ್ರಶ್ನೆ: ಗದಗಿನಿಂದ ಬರೆಯುತ್ತಿದ್ದೇನೆ, ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತೇನೆ. ಇಡಿಎಂನಲ್ಲಿ ಸದ್ದು ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ 'ಡ್ರಾಪ್' ಬೀಳುತ್ತದಲ್ಲ, ಅದನ್ನು ಬರೀ ಡ್ರಮ್ಮಿನಲ್ಲಿ ತರುವುದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ ತಮ್ಮಾ, ಕೆಲಸ ಮಾಡುವವನ ಪ್ರಶ್ನೆ.

ಏರಿಕೆಗೆ 32 ಬೀಟ್ ಇಟ್ಟುಕೋ, 128ರ ವೇಗದಲ್ಲಿ 15 ಸೆಕೆಂಡ್. ಮೊದಲ ಎಂಟಕ್ಕೆ ಬೀಟಿಗೊಂದು ಪೆಟ್ಟು, ಮುಂದಿನ ಎಂಟಕ್ಕೆ ಎರಡು, ಆಮೇಲೆ ನಾಲ್ಕು. ಕಂಪ್ಯೂಟರ್ ಆದರೆ ಅಲ್ಲಿಂದ ಬೀಟಿಗೆ ಎಂಟು ಪೆಟ್ಟಿಗೆ ಹೋಗುತ್ತದೆ, ಅಂದರೆ ಸೆಕೆಂಡಿಗೆ 17 ಪೆಟ್ಟು. ಒಂದೊಂದೇ ಕೈಯಲ್ಲಿ ಅದನ್ನು ಹೊಡೆಯಲು ಹೋಗಬೇಡ, ಮಣಿಕಟ್ಟು ಬಿಗಿಯುತ್ತದೆ, ಸಾಲಿನಲ್ಲಿ ಆರು ಜನ ಆರು ದಾರಿ ಹಿಡಿಯುತ್ತೀರಿ. ಕೊನೆಯ ಎಂಟರಲ್ಲಿ ಮೊದಲ ನಾಲ್ಕಕ್ಕೆ ಕೋಲನ್ನು ಚರ್ಮಕ್ಕೆ ಒತ್ತಿ, ಪೆಟ್ಟುಗಳೆಲ್ಲ ಒಂದೇ ಸದ್ದಾಗಿ ಕೇಳುವ ಪ್ರೆಸ್ ರೋಲ್ ಮಾಡು. ಶುರುವಿಗೆ ಕೋಲು ಅಂಚಿನ ಹತ್ತಿರ ಇರಲಿ, ಬರಬರುತ್ತಾ ನಡುವಿಗೆ ತಾ. ಅಂಚಿನಲ್ಲಿ ತೆಳುವಾದ ಸದ್ದು, ನಡುವಿನಲ್ಲಿ ತುಂಬಿದ ಸದ್ದು. ಪಕ್ಕದವನು ತೂಗುಹಾಕಿದ ಸಿಂಬಲ್ಲನ್ನು ಮೆತ್ತನೆ ಕೋಲಿನಿಂದ ಉರುಳಿಸುತ್ತಿದ್ದರೆ, ಮಷೀನಿನಲ್ಲಿ ಬರುವ ಆ 'ಶ್‌ಶ್‌ಶ್' ಅನ್ನುವ ಏರಿಕೆ ನಿಮ್ಮ ಕೈಯಲ್ಲೇ ಸಿಕ್ಕಿತು.

ಈಗ ಮುಖ್ಯ ಸಂಗತಿ. ಡ್ರಾಪಿಗೆ ಮುಂಚಿನ ಕೊನೆಯ ನಾಲ್ಕು ಬೀಟ್ ಎಲ್ಲರೂ ಪೂರ್ತಿ ನಿಲ್ಲಿಸಿ. ರೋಲ್ ಬೇಡ, ಸಿಂಬಲ್ಲನ್ನು ಕೈಯಿಂದ ಹಿಡಿದು ಸದ್ದು ಕೊಲ್ಲಿ. ಕದಮ್ ತಾಲ್, ಅಂದರೆ ನಿಂತಲ್ಲೇ ಹೆಜ್ಜೆ ಹಾಕುವುದು, ಮಾತ್ರ ನಡೆದಿರಲಿ. ಅಷ್ಟು ಹೊತ್ತು ಅಬ್ಬರ ಕೇಳಿದ ಮೈದಾನಕ್ಕೆ ನಾಲ್ಕು ಸಲ ಬರೀ ಬೂಟಿನ ಸದ್ದು ಕೇಳಬೇಕು, ಆಮೇಲೆ ಎಲ್ಲ ವಾದ್ಯ ಒಟ್ಟಿಗೆ. ಮೈ ಜುಮ್ ಅನ್ನುತ್ತದೆ, ಬಾರಿಸಿ ನೋಡು. ಎಷ್ಟೋ ತಂಡಗಳು ಈ ಖಾಲಿ ಜಾಗಕ್ಕೆ ಹೆದರಿ ಅಲ್ಲೂ ಏನಾದರೂ ತುರುಕುತ್ತವೆ, ಆಗ ಡ್ರಾಪ್ ಡ್ರಾಪಾಗಿ ಉಳಿಯುವುದಿಲ್ಲ.

ಡ್ರಾಪ್ ಬಿದ್ದ ಮೇಲೆ ನಿಮ್ಮ ಟ್ರಂಪೆಟ್ಟಿನವರಿಗೆ ಒಂದು ಮಾತು ಹೇಳು. ಈ ಸಂಗೀತದಲ್ಲಿ ಕಿಕ್ ಬಿದ್ದಾಗಲೆಲ್ಲ ಉಳಿದ ಸದ್ದು ಒಮ್ಮೆ ಕುಗ್ಗಿ ಮತ್ತೆ ಏಳುತ್ತದೆ, ಉಸಿರಾಡಿದ ಹಾಗೆ. ಅವರೂ ಬೀಟಿಗೆ ಮೆಲ್ಲಗೆ ಹಿಡಿದು, ಬೀಟಿನ ನಡುವೆ ಉಬ್ಬಿಸಲಿ. ಇದು ಬಂದರೆ ಬಾಕಿ ಅರ್ಧ ಕೆಲಸ ಆದ ಹಾಗೆ. ಪೈಪ್ ಬ್ಯಾಂಡಿನ ಗೆಳೆಯರಿಗೆ ಇದು ಆಗದ ಮಾತು, ಬ್ಯಾಗ್‌ಪೈಪಿನಲ್ಲಿ ಸದ್ದು ಏರಿಸಿ ಇಳಿಸಲು ಬರುವುದಿಲ್ಲ. ಅವರು ಏರಿಳಿತವನ್ನೆಲ್ಲ ಡ್ರಮ್ಮಿನವರಿಗೇ ಬಿಡಬೇಕು.

ಪ್ರಶ್ನೆ: ಹಾವೇರಿಯ ಕಾಲೇಜು ತಂಡ ನಮ್ಮದು. ಒಂದು ಲ್ಯಾಪ್‌ಟಾಪ್ ಇಟ್ಟು ಇಡೀ ಟ್ರ್ಯಾಕ್ ಹಾಕಿ, ಅದರ ಮೇಲೆ ನುಡಿಸಿದರೆ ಸುಲಭ ಅಲ್ವಾ?

ಉತ್ತರ: ಸುಲಭವೇ, ಆದರೆ ಬೇಡ. ಯಾರೋ ಒಬ್ಬರು ಒಂದು ಹೆಜ್ಜೆ ತಪ್ಪಿದರೆ ಬ್ಯಾಂಡ್ ಮೇಜರ್ ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ. ಎಲೆಕ್ಟ್ರಾನಿಕ್ ಸದ್ದು ಬೇಕೇ ಬೇಕು ಅಂದರೆ ಒಂದು ಕೀಬೋರ್ಡ್ ಇಡಿ. ಒಂದೆರಡು ಸೆಕೆಂಡಿನ ಸಣ್ಣ ಸಣ್ಣ ತುಣುಕನ್ನು ಕೀಲಿಗೆ ಕಟ್ಟಿ, ಒಬ್ಬರು ಮೇಜರ್ ಕೈ ನೋಡಿಕೊಂಡು ಒತ್ತಲಿ. ಮತ್ತೆ ಬ್ಲೂಟೂತ್ ಸ್ಪೀಕರ್ ಮುಟ್ಟಲೇಬೇಡಿ, ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವೆ ತಡ ಆಗುತ್ತದೆ. ವೈರನ್ನೇ ಹಾಕಿ, ವೈರಿನ ಮೇಲೆ ಯಾರೂ ಕಾಲಿಡದ ಹಾಗೆ ಗೆರೆಯ ಆಚೆ ಟೇಪ್ ಹಚ್ಚಿ, ಜನರೇಟರ್ ಇದೆಯಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.