ಐದು ದಿನ ಸಾಲದು, ಪಶ್ಚಿಮದ ಕಡೆ ಮಾತ್ರ ಸುತ್ತಿ

ಜೂನ್‌ನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡು ಸ್ಕಾಟ್ಲೆಂಡಿನ ನಾರ್ತ್ ಕೋಸ್ಟ್ 500 ಅನ್ನೋ ಕರಾವಳಿ ರಸ್ತೆಯ ಸುತ್ತನ್ನು ಪೂರ್ತಿ ಐದು ದಿನದಲ್ಲಿ ಮುಗಿಸಬಹುದಾ, ರಾತ್ರಿ ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಬಹುದಾ ಅಂತ ಕೇಳಿದ್ದೀರಿ.

ಮುಗಿಸಬಹುದು, ಆದರೆ ನೀವು ನೋಡುವುದು ಬರೀ ಸ್ಟೀರಿಂಗನ್ನೇ! ಐದೇ ದಿನ ಇದ್ದರೆ ಪಶ್ಚಿಮದ ಕಡೆ ಮಾತ್ರ ಸುತ್ತಿ. ಇನ್ವರ್ನೆಸ್‌ನಿಂದ ಹೊರಟು ಅಲ್ಲಿಗೇ ಮರಳುವ ಸುತ್ತು ಸುಮಾರು 830 ಕಿ.ಮೀ. ಎಡಗಡೆ ಓಡಿಸೋದು ನಮಗೆ ಹೊಸದಲ್ಲ ನಿಜ. ಕಷ್ಟ ಇರೋದು ಒಂದೇ ಗಾಡಿ ಹಿಡಿಸುವ ರಸ್ತೆಗಳಲ್ಲಿ. ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಬೋರ್ಡ್ ಇರುತ್ತೆ, ಅಲ್ಲಿ ಗಾಡಿ ಸರಿದು ನಿಲ್ಲಲು ರಸ್ತೆ ಸ್ವಲ್ಪ ಅಗಲ ಇರುತ್ತೆ. ಎದುರಿನಿಂದ ಗಾಡಿ ಬಂದಾಗ ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ರಸ್ತೆ ದಾಟಿ ಆ ಬದಿಗೆ ಹೋಗಬೇಡಿ, ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತರೆ ಎದುರಿನವರು ಬಳಸಿ ಹೋಗ್ತಾರೆ. ಹಿಂದೆ ಕಾರುಗಳು ಸಾಲುಗಟ್ಟಿದ್ದರೂ ಹೀಗೇ ದಾರಿ ಬಿಡಬೇಕು. ಎದುರಿನವರು ಕೈ ಎತ್ತಿದರೆ ನೀವೂ ಎತ್ತಿ, ಹಾರ್ನ್ ಮರೆತುಬಿಡಿ.

ಆ್ಯಪಲ್‌ಕ್ರಾಸ್‌ ಅನ್ನೋ ಪಶ್ಚಿಮ ಕರಾವಳಿಯ ಹಳ್ಳಿಗೆ ಹೋಗುವ ಬ್ಯಾಲಕ್ ನ ಬಾ ಘಾಟಿ 626 ಮೀಟರ್ ಎತ್ತರ, ಕಡಿದಾದ ತಿರುವುಗಳು. ದೊಡ್ಡ ವ್ಯಾನ್ ಆದರೆ ಬೇಡವೇ ಬೇಡ. ಶೀಲ್ಡೇಗ್ ಕಡೆಯ ಕರಾವಳಿ ರಸ್ತೆ ಹಿಡಿಯಿರಿ.

ರಾತ್ರಿ ತಂಗೋದಕ್ಕೆ ಕ್ಯಾಂಪ್‌ಸೈಟ್ ಮೊದಲೇ ಬುಕ್ ಮಾಡಿ. ಸ್ಕಾಟ್ಲೆಂಡಿನ 2003ರ ಕಾನೂನು ಕೊಟ್ಟಿರುವ, ಬಯಲಲ್ಲಿ ಓಡಾಡಿ ತಂಗುವ ಹಕ್ಕು ನಡೆದು ಬಂದು ಟೆಂಟ್ ಹಾಕುವವರಿಗೆ, ಗಾಡಿಯಲ್ಲೇ ಮಲಗುವವರಿಗಲ್ಲ. ಪಾಸಿಂಗ್ ಪ್ಲೇಸ್‌ನಲ್ಲಂತೂ ಮಲಗಲೇಬೇಡಿ.

ಹಾಂ, ಮಿಜ್ ಅನ್ನೋ ನುಸಿ! ಗಾಳಿ ನಿಂತ ಸಂಜೆ ಮೋಡದ ಹಾಗೆ ಮುತ್ತುತ್ತೆ. ಚಹಾ ಕುದಿಸುವಾಗ ಬಾಗಿಲು ಮುಚ್ಚಿರಲಿ. ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತೆ, ವ್ಯಾನಿನ ಕಿಟಕಿ ಪರದೆ ಚೆನ್ನಾಗಿದೆಯಾ ಅಂತ ಬಾಡಿಗೆಗೆ ಕೊಡುವವರನ್ನು ಈಗಲೇ ಕೇಳಿ.